ಹಳೇ ಗೇಮಿಂಗ್ ಪಿಸಿಗೆ ದುಡ್ಡು ಹಾಕುವ ಮೊದಲು: ಮಲೆನಾಡಿನ ಮನೆಗಳಿಗೆ ಹೊಂದುವ ಹಾಗೆ

ಗ್ರಾಫಿಕ್ಸ್ ಕಾರ್ಡ್, ಅಂದರೆ ಆಟದ ಚಿತ್ರ ಮೂಡಿಸುವ ಭಾಗ, ಈಗಲೇ ಆರ್ಡರ್ ಮಾಡಬೇಡಿ. ಮೊದಲು ಒಂದು ಸಂಜೆ ಕೂತು ನಿಮ್ಮ ಪಿಸಿ ಎಲ್ಲಿ ಏದುಸಿರು ಬಿಡುತ್ತಿದೆ ಅಂತ ನೋಡಿ.

ಹೊಸನಗರದ ಹತ್ತಿರ ನನ್ನ ಅತ್ತೆ ಮನೆ. ಅತ್ತೆ ಮಗನ ಪಿಸಿ 2014ರ ಕಾಲದ್ದು. ಐ5-4460 ಪ್ರೊಸೆಸರ್, ಎಚ್81 ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), 8 ಜಿಬಿಯ ಒಂದೇ ಒಂದು ರ್‍ಯಾಮ್, ಹಾರ್ಡ್ ಡಿಸ್ಕ್, ಜಿಟಿಎಕ್ಸ್ 750 ಟಿಐ ಕಾರ್ಡ್. ಅಡಿಕೆ ಕೊಯ್ಲು ಮುಗಿದು ಕೈಗೆ ಸ್ವಲ್ಪ ದುಡ್ಡು ಬಂದಾಗ ಫೋನ್ ಮಾಡಿದ. "ಭಾವ, ಯಾವ ಕಾರ್ಡ್ ತಗೊಳ್ಳಲಿ?" ಅಂದ. "ಕಾರ್ಡ್ ಆಮೇಲೆ ಮಾರಾಯ, ಮೊದಲು ಕ್ಯಾಬಿನೆಟ್ ಬಿಚ್ಚು" ಅಂದೆ.

ಬಿಚ್ಚಿದರೆ ಒಳಗೆ ಜೇಡರ ಬಲೆ, ಹಲ್ಲಿ ಹಿಕ್ಕೆ, ಬಚ್ಚಲೊಲೆ ಹೊಗೆಯ ಮಸಿ ಸೇರಿ ಅಂಟಾದ ಧೂಳು. ಪ್ರೊಸೆಸರ್ ಫ್ಯಾನಿನ ಕೆಳಗೆ ಗಾಳಿ ಹೋಗಲು ಜಾಗವೇ ಇರಲಿಲ್ಲ. ಪ್ರೊಸೆಸರ್ ಜಾಸ್ತಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ನಾವು ಪಿಸಿ ಹಳತಾಯ್ತು ಅಂದುಕೊಳ್ಳುತ್ತೇವೆ. ಹಾಗಾಗಿ ಮೊದಲ ಕೆಲಸ ಕ್ಲೀನಿಂಗ್. ಮೃದುವಾದ ಪೇಂಟ್ ಬ್ರಷ್ ಮತ್ತು ಬ್ಲೋವರ್ ಸಾಕು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಅದು ವಿಪರೀತ ತಿರುಗಿ ಬೇರಿಂಗ್ ಹಾಳಾಗುತ್ತದೆ. ರ್‍ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಮ್ಮ ತೇವದಲ್ಲಿ ಆ ಅಂಚು ಮಂಕಾಗುತ್ತದೆ, ಎಷ್ಟೋ ಸಲ 'ಡಿಸ್‌ಪ್ಲೇ ಬರ್ತಿಲ್ಲ' ಅನ್ನುವ ರೋಗಕ್ಕೆ ಇದೇ ಮದ್ದು. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದ್ದರೆ ಒರೆಸಿ ಹೊಸದು ಹಚ್ಚಿ, ಒಂದು ಬಟಾಣಿ ಕಾಳಿನಷ್ಟು. ಗಡಿಯಾರದ ಟೈಮ್ ಪದೇ ಪದೇ ತಪ್ಪುತ್ತಿದ್ದರೆ ಬೋರ್ಡಿನ ಸಿಆರ್2032 ಸೆಲ್ ಕೂಡ ಬದಲಿಸಿ.

ಈಗ ಪರೀಕ್ಷೆ. ನೀವು ದಿನಾ ಆಡುವ ಗೇಮ್ ಹಾಕಿ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ಆಟದ ಮೂಲೆಯಲ್ಲೇ ಎಲ್ಲ ಅಂಕಿ ಕಾಣುತ್ತವೆ. ಗ್ರಾಫಿಕ್ಸ್ ಕಾರ್ಡ್ ಬಳಕೆ 95ರಿಂದ 99 ಪರ್ಸೆಂಟ್‌ನಲ್ಲೇ ನಿಂತಿದ್ದರೆ ಕಾರ್ಡ್ ಸಾಲದು ಅಂತ ಅರ್ಥ. ಕಾರ್ಡ್ 60ರ ಆಸುಪಾಸಿನಲ್ಲಿ ಆರಾಮಾಗಿದ್ದು ಆಟ ಮಾತ್ರ ತೊದಲುತ್ತಿದ್ದರೆ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಇನ್ನೂ ಖಾತ್ರಿ ಬೇಕಾದರೆ ರೆಸಲ್ಯೂಶನ್ ಪೂರ್ತಿ ಇಳಿಸಿ ನೋಡಿ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಿದರೆ ಕಾರ್ಡಿನ ತೊಂದರೆ, ಏರದಿದ್ದರೆ ಪ್ರೊಸೆಸರಿನದು. ರ್‍ಯಾಮ್ ತುಂಬಿ ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದರೆ ಅದು ಬೇರೆಯೇ ಕಥೆ. ಅಲ್ಲಿಗೆ ಎಂಥ ಕಾರ್ಡ್ ಹಾಕಿದರೂ ದುಡ್ಡು ದಂಡ.

ಮಾನಿಟರ್ ಕೂಡ ನೋಡಿಕೊಳ್ಳಿ. 60 ಹರ್ಟ್ಜ್ ಮಾನಿಟರ್ ಒಂದು ಸೆಕೆಂಡಿಗೆ 60 ಚಿತ್ರಕ್ಕಿಂತ ಜಾಸ್ತಿ ತೋರಿಸುವುದಿಲ್ಲ. ಅದೇ ಇರಲಿ ಅನ್ನುವವರು 140 ಎಫ್‌ಪಿಎಸ್ ಕೊಡುವ ಕಾರ್ಡಿಗೆ ಯಾಕೆ ದುಡ್ಡು ಕೊಡಬೇಕು, ಅಲ್ವಾ?

ಬೆಲೆ ವಾರಕ್ಕೊಂದು ಥರ ಇರುತ್ತದೆ, ಅದಕ್ಕೆ ಅಂಕಿ ಬರೆಯುವುದಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನುವುದನ್ನು ಹೇಳುತ್ತೇನೆ. ಇನ್ನೂ ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ ಓಡಿಸುತ್ತಿದ್ದರೆ ಮೊದಲ ರೂಪಾಯಿ ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿಗೆ ಹೋಗಲಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಓದಿದರೆ ಹಾರ್ಡ್ ಡಿಸ್ಕಿನ ಥರ ಕೇಬಲ್ಲಿನಲ್ಲೇ ಸಿಕ್ಕಿಸುವ ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓದುತ್ತದೆ. ಚಿಕ್ಕ ಚಿಕ್ಕ ಫೈಲುಗಳಲ್ಲಂತೂ ಹೋಲಿಕೆಯೇ ಇಲ್ಲ. ಎಫ್‌ಪಿಎಸ್ ಏರುವುದಿಲ್ಲ, ಆದರೆ ಲೋಡಿಂಗ್ ಕಾಯುವುದು ತಪ್ಪುತ್ತದೆ, ಹೊಸ ಜಾಗಕ್ಕೆ ಹೋದಾಗ ಆಟ ಗಕ್ಕನೆ ನಿಲ್ಲುವುದೂ ಎಷ್ಟೋ ಕಡಿಮೆಯಾಗುತ್ತದೆ. ಬೋರ್ಡಿನಲ್ಲಿ ಎಂ.2 ಜಾಗ (ಕಡ್ಡಿಯಂಥ ಡಿಸ್ಕ್ ನೇರವಾಗಿ ಕೂರುವ ಜಾಗ) ಇದ್ದು ಅದು ಒಪ್ಪುವುದಾದರೆ ಇನ್ನೂ ವೇಗದ ಎನ್‌ವಿಎಂಇ ಹಾಕಿ. ಇಲ್ಲದಿದ್ದರೆ ಸಾಟಾ ಸಾಕು, ಬೇಜಾರು ಬೇಡ.

ಆಮೇಲೆ ರ್‍ಯಾಮ್. ಒಂದು 16 ಜಿಬಿ ಕಡ್ಡಿಗಿಂತ ಎರಡು 8 ಜಿಬಿ ಕಡ್ಡಿ ಒಳ್ಳೆಯದು, ಯಾಕೆಂದರೆ ಎರಡಿದ್ದಾಗ ಡ್ಯುಯಲ್ ಚಾನೆಲ್ ಆಗಿ ಪ್ರೊಸೆಸರಿಗೆ ದಾರಿ ಅಗಲವಾಗುತ್ತದೆ. ಸಿಪಿಯು-ಝಡ್ ಸಾಫ್ಟ್‌ವೇರಿನ ಮೆಮೊರಿ ಪುಟದಲ್ಲಿ ನಿಮ್ಮದು ಸಿಂಗಲ್ಲಾ ಡ್ಯುಯಲ್ಲಾ ಅಂತ ಕಾಣುತ್ತದೆ. 2025ರ ಕೊನೆಯಿಂದ ಹೊಸ ರ್‍ಯಾಮ್ ಬೆಲೆ ಬಹಳ ಏರಿದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಡಿಡಿಆರ್3 ಅಥವಾ ಡಿಡಿಆರ್4 (ನಿಮ್ಮ ಬೋರ್ಡಿಗೆ ಕೂರುವ ಪೀಳಿಗೆ) ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ರ್‍ಯಾಮ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಮನೆಗೆ ತಂದು ಒಂದು ರಾತ್ರಿ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದರೆ ಸಾಕು.

ಪ್ರೊಸೆಸರ್ ವಿಷಯದಲ್ಲಿ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮ ಬೋರ್ಡ್ ಎಎಂ4 (ಎಎಂಡಿ ಕಂಪನಿಯ ರೈಝನ್ ಪ್ರೊಸೆಸರ್ ಕೂರುವ ಸಾಕೆಟ್) ಆಗಿದ್ದರೆ ನೀವು ಪುಣ್ಯವಂತರು. 2016ರಲ್ಲಿ ಶುರುವಾದ ಆ ಸಾಕೆಟ್ಟಿಗೆ 2022ರ ರೈಝನ್ 5 5600 ಕೂಡ ಕೂರುತ್ತದೆ. ಬಿ450 ಬೋರ್ಡಿನಲ್ಲಿ ರೈಝನ್ 5 1600 ಇದ್ದವರು ಬಯಾಸ್ (ಪಿಸಿ ಆನ್ ಆದಾಗ ಬೋರ್ಡನ್ನು ಎಬ್ಬಿಸುವ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಅದು ಬೇರೆಯೇ ಪಿಸಿ ಆಗುತ್ತದೆ. ಬೋರ್ಡ್ ಕಂಪನಿಯ ಸೈಟಿನಲ್ಲಿ ಯಾವ ಪ್ರೊಸೆಸರಿಗೆ ಯಾವ ಬಯಾಸ್ ಬೇಕು ಅನ್ನುವ ಪಟ್ಟಿ ಇರುತ್ತದೆ, ಅದನ್ನು ನೋಡಿಯೇ ದುಡ್ಡು ಕೊಡಿ. ಹಳೇ ಪ್ರೊಸೆಸರ್ ಇನ್ನೂ ಕೂತಿರುವಾಗಲೇ ಬಯಾಸ್ ಅಪ್‌ಡೇಟ್ ಮುಗಿಸಬೇಕು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಇರಬಹುದು. ಆರಿದ್ರಾ ಮಳೆ ಹೊಡೆಯುವಾಗ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಅತ್ತೆ ಮಗನ ಹಾಗೆ ನಾಲ್ಕನೇ ಜನರೇಶನ್ ಇಂಟೆಲ್ ಇದ್ದವರಿಗೆ ದಾರಿ ಚಿಕ್ಕದು. ಅದೇ ಸಾಕೆಟ್ಟಿಗೆ ಐ7-4770 ಅಥವಾ 4790 ಕೂರುತ್ತದೆ. ನಾಲ್ಕು ಥ್ರೆಡ್ (ಪ್ರೊಸೆಸರ್ ಒಟ್ಟಿಗೆ ನಡೆಸುವ ಕೆಲಸದ ಸಾಲು) ಇದ್ದದ್ದು ಎಂಟಾಗುತ್ತದೆ. ಅಗ್ಗಕ್ಕೆ ಸಿಕ್ಕರೆ ಹಾಕಿ, ಜಾಸ್ತಿ ಕೇಳಿದರೆ ಬಿಟ್ಟುಬಿಡಿ, ಆ ದುಡ್ಡು ಮುಂದೆ ಬೋರ್ಡ್ ಸಮೇತ ಬದಲಿಸಲು ಇರಲಿ. ಇನ್ನೊಂದು ಮಾತು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಿಯಮದ ಪ್ರಕಾರ ಕೇಳುವುದು ಇಂಟೆಲ್ ಎಂಟನೇ ಜನರೇಶನ್ ಅಥವಾ ರೈಝನ್ 2000 ಮತ್ತು ಮೇಲಿನದನ್ನು. ಏನೋ ಉಪಾಯ ಮಾಡಿ ಹಳೇ ಪಿಸಿಗೆ 11 ಹಾಕಬಹುದು, ಆದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಸುರಕ್ಷತಾ ವ್ಯವಸ್ಥೆಗಳು ಇಲ್ಲದೆ ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಟ ಓಡುವುದಿಲ್ಲ. ನೀವು ಆಡುವುದೇ ಅದಾದರೆ ಮೊದಲೇ ಲೆಕ್ಕಕ್ಕೆ ತಗೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ, ಕರೆಂಟನ್ನು ಪಿಸಿಯ ಭಾಗಗಳಿಗೆ ಹೊಂದಿಸಿ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್. ಜನ ಪ್ರೊಸೆಸರಿಗೆ, ಕಾರ್ಡಿಗೆ ಎಷ್ಟು ಬೇಕಾದರೂ ಕೊಡುತ್ತಾರೆ, ಇದಕ್ಕೆ ಬಂದಾಗ ಮಾತ್ರ ಕೈ ಬಿಗಿ ಹಿಡಿಯುತ್ತಾರೆ. ನನ್ನದೇ ಪಿಸಿಯಲ್ಲಿ ಕ್ಯಾಬಿನೆಟ್ ಜೊತೆ ಬಂದ ಸುಮಾರಾದ ಎಸ್‌ಎಂಪಿಎಸ್ ಒಂದು ಮಳೆಗಾಲದ ರಾತ್ರಿ ಪಟ್ ಅಂದು ಹೋಯಿತು. ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಯಿತು. ಆ ಬೇಸರ ನಿಮಗೆ ಬೇಡ. ನಮ್ಮ ಕಡೆ ಲೈನ್ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗಿ ಬಂದು ಹೋಗಿ ಬಂದು ಮಾಡುತ್ತದೆ, ತೋಟದ ಪಂಪುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ ಕುಸಿಯುತ್ತದೆ, ಬಲ್ಬ್ ನೋಡಿದರೇ ಗೊತ್ತಾಗುತ್ತದೆ. ಅದಕ್ಕೆ ಎಸ್‌ಎಂಪಿಎಸ್ ಕೊಳ್ಳುವಾಗ ಬರೀ ವ್ಯಾಟ್ ಕೇಳಬೇಡಿ. ಪಕ್ಕದ ಲೇಬಲ್ ಓದಿ. ಇನ್‌ಪುಟ್ 200-240 ವೋಲ್ಟ್ ಅಂತ ಇದ್ದರೆ ವೋಲ್ಟೇಜ್ ಇಳಿದಾಗ ಪಿಸಿ ಆಫ್ ಆಗುತ್ತದೆ. 100-240 ಅಂತ ಇರುವುದನ್ನು ಹುಡುಕಿ, ಅದು ನಮ್ಮ ಊರಿಗೆ ಮಾಡಿಸಿದ ಹಾಗಿರುತ್ತದೆ. 80 ಪ್ಲಸ್ (ಕರೆಂಟ್ ಕಡಿಮೆ ಪೋಲಾಗುತ್ತದೆ ಅನ್ನುವ) ಗುರುತಿರುವ 450 ಅಥವಾ 550 ವ್ಯಾಟಿನದು ಮಧ್ಯಮ ಕಾರ್ಡುಗಳಿಗೆ ಸಾಕು. ಇದೊಂದನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತಗೊಳ್ಳಬೇಡಿ.

ಜೊತೆಗೆ ಯುಪಿಎಸ್. 600 ವಿಎ ಅಂತ ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟ್ ಕೊಡುತ್ತದೆ. ಆಟ ಮುಂದುವರಿಸಲು ಅಲ್ಲ, ಸೇವ್ ಮಾಡಿ ಶಟ್‌ಡೌನ್ ಮಾಡಲು. ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಿಗೆ ಅಗ್ಗದ ಯುಪಿಎಸ್ ಅಥವಾ ಚೌಕ ಅಲೆಯ ಇನ್ವರ್ಟರ್ ಹೊಂದುವುದಿಲ್ಲ, ಕರೆಂಟ್ ಹೋದ ತಕ್ಷಣ ಪಿಸಿಯೂ ಆಫ್ ಆಗುತ್ತದೆ. ಅಂಗಡಿಯವರಿಗೆ ನಿಮ್ಮ ಎಸ್‌ಎಂಪಿಎಸ್ ಮಾಡೆಲ್ ಹೇಳಿಯೇ ಕೊಳ್ಳಿ. ಮನೆಯ ಅರ್ತಿಂಗನ್ನೂ ಎಲೆಕ್ಟ್ರಿಶಿಯನ್ ಹತ್ತಿರ ಅಳೆಸಿ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೂರನೇ ವೈರ್ ಎಲ್ಲಿಗೂ ಹೋಗಿರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಇದೇ ಕಾರಣ ಇರಬಹುದು.

ಇಷ್ಟಾದ ಮೇಲೆ ಕಾರ್ಡ್. ಎಸ್‌ಎಂಪಿಎಸ್ ಬದಲಿಸುವ ಶಕ್ತಿ ಇಲ್ಲ ಅಂದರೆ 75 ವ್ಯಾಟಿನ ಜಿಟಿಎಕ್ಸ್ 1650 ನೋಡಿ, ಹಲವು ಮಾಡೆಲ್‌ಗಳಿಗೆ ಬೇರೆ ಪವರ್ ವೈರ್ ಬೇಡ. ಕಾರ್ಡಿನ ಮೆಮೊರಿ 4 ಜಿಬಿ ಮಾತ್ರ, ಹೊಸ ಆಟಗಳಿಗೆ ಇಕ್ಕಟ್ಟು. ಸಾಧ್ಯವಾದರೆ 8 ಜಿಬಿಯ ಆರ್‌ಎಕ್ಸ್ 6600 ತಗೊಳ್ಳಿ, 132 ವ್ಯಾಟ್, 1080ಪಿ (ಫುಲ್ ಎಚ್‌ಡಿ) ಪರದೆಗೆ ಇವತ್ತಿಗೂ ಒಳ್ಳೆಯ ಕಾರ್ಡ್. ಎಎಂ4 ಬೋರ್ಡ್ ಇರುವವರಿಗೆ ನನ್ನ ಮೊದಲ ಸಲಹೆ ಇದೇ. ಆದರೆ ಆ ಕಾರ್ಡ್ ಬಳಸುವುದು ಎಂಟೇ ಲೇನ್ (ಬೋರ್ಡಿಗೂ ಕಾರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ). ಎಚ್81ನಂಥ ಪಿಸಿಐಇ 2.0 (ಆ ದಾರಿಯ ಹಳೇ, ನಿಧಾನದ ಪೀಳಿಗೆ) ಬೋರ್ಡಿನಲ್ಲಿ ಅದರ ಶಕ್ತಿ ಸ್ವಲ್ಪ ಸೋರಿಹೋಗುತ್ತದೆ. ಅಂಥ ಬೋರ್ಡಿಗೆ ಹದಿನಾರು ಲೇನಿನ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 8 ಜಿಬಿ ಸಾಕು ಅಂತ ನಾವು ತೀರ್ಮಾನ ಮಾಡಿದೆವು. ಅದು 185 ವ್ಯಾಟ್ ತಿನ್ನುತ್ತದೆ, ಹಾಗಾಗಿ ಎಸ್‌ಎಂಪಿಎಸ್ ಮೊದಲೇ ಬಂದಿರಬೇಕು.

ಸೆಕೆಂಡ್ ಹ್ಯಾಂಡ್ ಹುಡುಕಲು ಶಿವಮೊಗ್ಗದಲ್ಲೇ ಮೊದಲು ವಿಚಾರಿಸಿ. ಹತ್ತಿರದ ಅಂಗಡಿಯಾದರೆ ತೊಂದರೆ ಬಂದಾಗ ಎದುರು ನಿಂತು ಕೇಳಬಹುದು. ಇಲ್ಲದಿದ್ದರೆ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್. ಭಾನುವಾರ ಹೋಗಬೇಡಿ, ಬಹಳ ಅಂಗಡಿಗಳು ಮುಚ್ಚಿರುತ್ತವೆ. ಕಾರ್ಡನ್ನು ಅಲ್ಲೇ ಹಾಕಿಸಿ ಹದಿನೈದು ನಿಮಿಷ ಕಾರ್ಡಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಫರ್‌ಮಾರ್ಕ್ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಬಂದರೆ ಎದ್ದು ಬನ್ನಿ. ಜಿಪಿಯು-ಝಡ್ ತೆರೆದು ಆರ್‌ಎಕ್ಸ್ 580ಗೆ 2304 ಶೇಡರ್ (ಚಿತ್ರ ಲೆಕ್ಕ ಹಾಕುವ ಚಿಕ್ಕ ಘಟಕ) ಇದೆಯಾ ನೋಡಿ. 2048 ಅಂತ ಇದ್ದರೆ ಅದು ಕಡಿಮೆ ಶಕ್ತಿಯ ಇನ್ನೊಂದು ಮಾಡೆಲ್, ಅದಕ್ಕೆ ತಕ್ಕ ಕಡಿಮೆ ಬೆಲೆಗೇ ಕೇಳಿ. ಮೈನಿಂಗ್‌ನಲ್ಲಿ (ಕಾರ್ಡಿನಿಂದ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ದುಡಿದ ಕಾರ್ಡುಗಳು ಬಹಳ ಇವೆ, 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಮೈನಿಂಗ್ ನಿಂತ ಮೇಲೆ ಅವು ಮಾರುಕಟ್ಟೆಗೆ ಬಂದವು. ಎಲ್ಲವೂ ಕೆಟ್ಟವಲ್ಲ, ಫ್ಯಾನ್ ಶಬ್ದ ಮತ್ತು ಬಿಸಿ ನೋಡಿ ನಿರ್ಧಾರ ಮಾಡಿ.

ಹಾಕುವ ಕೆಲಸ ಕಷ್ಟವಲ್ಲ. ಪ್ಲಗ್ ಕಿತ್ತು, ಪವರ್ ಬಟನ್ ಐದು ಸೆಕೆಂಡ್ ಒತ್ತಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಆಮೇಲೆ ಕೈ ಹಾಕಿ. ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಎನ್‌ವಿಡಿಯಾದಿಂದ ಎಎಂಡಿಗೆ ಬಂದರೆ ಡಿಡಿಯು ಸಾಫ್ಟ್‌ವೇರಿನಿಂದ ಹಳೇ ಡ್ರೈವರ್ ಪೂರ್ತಿ ಅಳಿಸಿ. ಮಾನಿಟರ್ ಕೇಬಲ್ ಬೋರ್ಡಿಗಲ್ಲ, ಕಾರ್ಡಿಗೆ ಸಿಕ್ಕಿಸಿ. ಡಿಡಿಆರ್4 ಇದ್ದವರು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ರ್‍ಯಾಮ್ ನಿಧಾನವಾಗೇ ಓಡುತ್ತಿರುತ್ತದೆ.

ಮಳೆಗಾಲದಲ್ಲಿ ಪಿಸಿಯನ್ನು ನೆಲದ ಮೇಲೆ, ಹೊರಗೋಡೆಗೆ ಒತ್ತಿ ಇಡಬೇಡಿ. ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುವ ಊರು ನಮ್ಮದು. ಆಡದಿದ್ದರೂ ದಿನಕ್ಕೆ ಅರ್ಧ ಗಂಟೆ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕೀಳಬೇಕು, ಇಂಟರ್ನೆಟ್ಟಿನ ಲ್ಯಾನ್ ವೈರನ್ನೂ ಕೀಳಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಗುಡುಗು ತಲೆ ಮೇಲೆ ಬರುವ ಮೊದಲೇ ಕೀಳಿ, ಬಂದ ಮೇಲೆ ವೈರ್ ಹತ್ತಿರ ಹೋಗಬೇಡಿ. ಅತ್ತೆ ಮಗ ಮಧ್ಯಾಹ್ನ ಕಾಲೇಜಿನಲ್ಲಿರುತ್ತಾನೆ, ಮನೆಯಲ್ಲಿ ಇರುವುದು ಅತ್ತೆ ಒಬ್ಬರೇ. ಅವರಿಗೆ ಹುಡುಕಾಟ ಬೇಡ ಅಂತ ಕೀಳಬೇಕಾದ ಎರಡೂ ವೈರಿಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇವೆ. ಮೋಡ ಕಪ್ಪಾದ ಕೂಡಲೇ ಅಂಗಳದ ಅಡಿಕೆಗೆ ಟಾರ್ಪಾಲ್ ಎಳೆಯಲು ಓಡುವ ಮೊದಲು ಅವರು ಆ ಎರಡನ್ನು ಕಿತ್ತು ಹೋಗುತ್ತಾರೆ.