ಜೀಪಿನ ಗಾಜು ಒಳಗಿಂದ ಮಂಜಾಗುತ್ತಿದ್ದದ್ದು ನಿಂತಿದ್ದು ಹೀಗೆ

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಜೋರು ಮಳೆ ಬಂದರೆ ಸಾಕು, ನಮ್ಮ ಜೀಪಿನ ಮುಂದಿನ ಗಾಜು ಒಳಗಡೆಯಿಂದ ಹಾಲಿನ ಥರ ಬೆಳ್ಳಗಾಗುತ್ತಿತ್ತು. ನಾಲ್ಕು ಜನ ಕೂತರಂತೂ ಎರಡೇ ನಿಮಿಷ.

ಟವೆಲ್‌ನಲ್ಲಿ ಒರೆಸಿದರೆ ಗೆರೆ ಬೀಳುತ್ತಿತ್ತು. ಶೇವಿಂಗ್ ಕ್ರೀಮ್ ಹಚ್ಚಿದೆ, ಒಂದೇ ದಿನ ಬಾಳಿತು. ಕಿಟಕಿ ಇಳಿಸಿದರೆ ಮೈಯೆಲ್ಲ ಒದ್ದೆ. ಬರೀ ಹೀಟರ್ ಹಾಕಿದರೆ ಮಂಜು ಇನ್ನೂ ಜಾಸ್ತಿ! ಅದೇ ಸುಳಿವು ಅಂತ ಆಗ ಹೊಳೆಯಲಿಲ್ಲ.

ಕಾಲಡಿಯ ಮ್ಯಾಟ್ ಎತ್ತಿ ನೋಡಿದೆ. ಕೆಳಗಿನ ಫೆಲ್ಟ್ ಹಿಂಡಿದರೆ ನೀರು ಸುರಿಯುವಷ್ಟು ನೆಂದಿತ್ತು. ಹೀಟರ್ ಬಿಸಿಗೆ ಆ ನೀರೇ ಆವಿಯಾಗಿ ಗಾಜಿಗೆ ಕೂರುತ್ತಿತ್ತು. ವೈಪರ್ ಬುಡದ ನೀರು ಹೋಗುವ ತೂತಿಗೆ ಸಿಲ್ವರ್ ಓಕ್ ಎಲೆ ತುಂಬಿಕೊಂಡು, ಮಳೆನೀರು ಒಳಗೆ ಇಳಿಯುತ್ತಿತ್ತು. ಎಲೆ ತೆಗೆದು, ಫೆಲ್ಟನ್ನು ಬಚ್ಚಲ ಒಲೆ ಹತ್ತಿರ ಎರಡು ದಿನ ಒಣಗಿಸಿ, ಗಾಜಿನ ಒಳಭಾಗ ಸೋಪುನೀರಲ್ಲಿ ತೊಳೆದೆ.

ಈಗ ಹೊರಡುವಾಗಲೇ, ಮಂಜು ಕಟ್ಟುವ ಮೊದಲೇ, ಇದೇ ಕ್ರಮ: ಒಳಗಿನ ಗಾಳಿ ಸುತ್ತುವ ಬಟನ್ ಆಫ್, ಗಾಳಿ ಗಾಜಿನ ಕಡೆಗೆ, ಎಸಿ ಆನ್, ಆಮೇಲೆ ಗುಬುಟನ್ನು ಬಿಸಿ ಕಡೆಗೆ ಮುಕ್ಕಾಲು, ಫ್ಯಾನ್ ಮೂರರಲ್ಲಿ. ಚಳಿಗೆ ಎಸಿ ಯಾಕೆ ಅಂತ ಕೇಳ್ತಾರೆ, ಗಾಳಿಯ ತೇವ ಹೀರೋದೇ ಅದು ಅಲ್ವಾ.

ತೂತನ್ನು ಮಾತ್ರ ವಾರಕ್ಕೊಮ್ಮೆ ತಂತಿ ಹಾಕಿ ಬಿಡಿಸಬೇಕು.