ಡಲಾನೆಗದ ಚಿನ್ನದ ನಾಣ್ಯಗಳು: ನನ್ನ ಅನುಭವ

ಅಟ್ಲಾಂಟಾದ ಉತ್ತರಕ್ಕಿರುವ ಗುಡ್ಡಗಾಡಿನ ಸಣ್ಣ ಊರು ಡಲಾನೆಗದಲ್ಲಿ, 1838ರಿಂದ 1861ರವರೆಗೆ ಅಮೆರಿಕ ಸರ್ಕಾರದ ಟಂಕಸಾಲೆಯೊಂದು ಚಿನ್ನದ ನಾಣ್ಯಗಳನ್ನು ಮಾತ್ರ ಟಂಕಿಸುತ್ತಿತ್ತು. ಆ ಚಿನ್ನ ಸಿಕ್ಕಿದ್ದು ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಜನರ ನೆಲದಲ್ಲಿ. ಟಂಕಸಾಲೆ ಕೆಲಸ ಆರಂಭಿಸಿದ ವರ್ಷವೇ ಸೈನ್ಯ ಅವರನ್ನು ಅಲ್ಲಿಂದ ಒಕ್ಕಲೆಬ್ಬಿಸಿತು. ನಾಣ್ಯವನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ನೆನಪಾಗಲೂಬೇಕು.

ನಾನು ಸಂಗ್ರಹಿಸುವುದು ಅಲ್ಲಿನ ಐದು ಡಾಲರ್ ನಾಣ್ಯಗಳನ್ನಷ್ಟೇ. ಮೊದಲು ಕೊಂಡದ್ದು 1843ರದ್ದು. ಆ ವರ್ಷ 98,452 ನಾಣ್ಯಗಳು ತಯಾರಾಗಿದ್ದರಿಂದ, ಈ ಸರಣಿಯಲ್ಲಿ ಅದು ಕೈಗೆಟುಕುವಂಥದ್ದು. ನಾಣ್ಯ ಮೇಳವೊಂದರಲ್ಲಿ ಅದರ ಹೊಳಪು ಕಂಡು ಮರುಳಾಗಿ ಕೊಂಡು, ನಾಣ್ಯದ ಅಸಲಿತನ, ಸ್ಥಿತಿಗಳನ್ನು ಪರೀಕ್ಷಿಸಿ ದರ್ಜೆ ಹೇಳುವವರಿಗೆ ಕಳುಹಿಸಿದಾಗ, ಅದನ್ನು ಉಜ್ಜಲಾಗಿದೆ, ಅಂಚಿನಲ್ಲಿ ಬೆಸುಗೆಯ ಗುರುತಿದೆ ಎಂಬ ಉತ್ತರ ಬಂತು. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಡಿ ಅಂಚನ್ನು ತಿರುಗಿಸಿದರೆ, ನಾಣ್ಯದ ಮೇಲಿನ ಸ್ವಾತಂತ್ರ್ಯದೇವಿ ಲಿಬರ್ಟಿಯ ತಲೆಯ ನೇರಕ್ಕೆ, ಅಂಚಿನ ಸುತ್ತಲೂ ಇರುವ ಗೀರುಗಳಲ್ಲಿ ಮೂರು ತುಂಬಿ ಮಟ್ಟವಾಗಿದ್ದವು. ಅಮ್ಮನ ಕಾಸಿನ ಸರದಲ್ಲಿ ಕೊಂಡಿ ಕೂರಿಸಿದ ಜಾಗವನ್ನು ಚಿಕ್ಕಂದಿನಿಂದ ನೋಡಿದ್ದ ನನಗೆ, ಯಾರದೋ ಕೊರಳಲ್ಲಿ ಇದು ಪದಕವಾಗಿತ್ತೆಂದು ಆಗ ಹೊಳೆಯಿತು.

ಅಂದಿನಿಂದ ಅಂಚನ್ನೇ ಮೊದಲು ನೋಡುತ್ತೇನೆ. ಅನಂತರ, 1840ರ ದಶಕದಿಂದ ಈಚಿನ ನಾಣ್ಯವಾದರೆ, ತೂಕ 8.36 ಗ್ರಾಂ, ವ್ಯಾಸ 21.6 ಮಿಲಿಮೀಟರ್ ಇದೆಯೇ ಎಂದು ಅಳೆದು, ಹಿಂಬದಿಯ ಹದ್ದಿನ ಕೆಳಗಿರುವ, ಈ ಟಂಕಸಾಲೆಯ ಗುರುತಾದ 'ಡಿ' ಅಕ್ಷರ ನಾಣ್ಯದ ಮೈಯಿಂದಲೇ ಎದ್ದಿದೆಯೇ, ಬೇರೆಡೆಯಿಂದ ತಂದು ಅಂಟಿಸಿದ್ದೇ ಎಂದು ಅದರ ಬುಡವನ್ನು ಪರೀಕ್ಷಿಸುತ್ತೇನೆ. ಒಂದೇ ದೀಪದಡಿ ನಾಣ್ಯವನ್ನು ಓರೆಯಾಗಿಸಿ ನಿಧಾನವಾಗಿ ತಿರುಗಿಸಿದರೆ, ಉಜ್ಜಿದ ಮೈಯ ಮೇಲೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿನಲ್ಲಿ ಮಿಂಚುತ್ತವೆ.

ಅತ್ಯಂತ ಕಷ್ಟವಾದದ್ದು ಸವೆತವನ್ನೂ ದುರ್ಬಲ ಅಚ್ಚನ್ನೂ ಬೇರೆಮಾಡಿ ಗುರುತಿಸುವುದು. ಡಲಾನೆಗದ ಅನೇಕ ನಾಣ್ಯಗಳಲ್ಲಿ ಹದ್ದಿನ ಗರಿಗಳು ಹುಟ್ಟಿನಿಂದಲೇ ಮಸುಕು. ಗರಿ ಮಸುಕಾಗಿದ್ದರೂ ಅಕ್ಷರಗಳ ಸಂದಿಯಲ್ಲಿ ಮೂಲ ಹೊಳಪು ಉಳಿದಿದ್ದರೆ, ಆ ನಾಣ್ಯ ಹೆಚ್ಚು ಕೈ ಬದಲಾಯಿಸಿಲ್ಲವೆಂದು ತಿಳಿಯುತ್ತೇನೆ. ಹೆಚ್ಚಿನ ದರ್ಜೆಯ, ಆದರೆ ತೊಳೆದು ಬೆಳಗಿದ ನಾಣ್ಯಕ್ಕಿಂತ, ಕಡಿಮೆ ದರ್ಜೆಯ, ಯಾರೂ ಮುಟ್ಟದ ಮೈಬಣ್ಣದ ನಾಣ್ಯವೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡು ವರ್ಷ ಕಾದು ಕೊಂಡ 1854ರ ನಾಣ್ಯ ಅಂಥದ್ದು. ಚಿನ್ನದೊಂದಿಗೆ ಬೆರೆತ ಬೆಳ್ಳಿಯಿಂದ ಅದಕ್ಕೆ ತುಸು ಹಸಿರು ಛಾಯೆಯಿದೆ. ನಕ್ಷತ್ರಗಳ ಸುತ್ತ ಹಳೆಯ ಮಣ್ಣಿನ ಕಂದು ಹಾಗೆಯೇ ಕೂತಿದೆ, ಅದನ್ನು ನಾನು ತೆಗೆದಿಲ್ಲ.