ಇಎಸ್‌ಐ ರಜೆ ದುಡ್ಡು: ಲೆಕ್ಕ ಶುರುವಾಗುವುದು ಒಂಬತ್ತು ತಿಂಗಳು ಮುಂಚೆ

ಸಂಬಳದ ಚೀಟಿಯಲ್ಲಿ ‘ಇಎಸ್‌ಐ’ (ನೌಕರರ ರಾಜ್ಯ ವಿಮೆ) ಅಂತ ಒಂದು ಸಾಲು ಇರುತ್ತದೆ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ ಕಟ್. ಅದು ಆಸ್ಪತ್ರೆ ದುಡ್ಡು ಅಂತಷ್ಟೇ ಬಹಳ ಜನ ತಿಳಿದಿದ್ದಾರೆ. ಹುಷಾರಿಲ್ಲದೆ ಮಲಗಿದಾಗ, ಹೆರಿಗೆಗೆ ಹೋದಾಗ ಸಂಬಳದ ಬದಲಿಗೆ ಬ್ಯಾಂಕಿಗೆ ಬೀಳುವ ದುಡ್ಡೂ ಅದೇ ಸಾಲಿನಿಂದ ಬರುತ್ತದೆ. ಇದು ಗೊತ್ತಾಗುವುದು ಪಕ್ಕದ ಮೆಷಿನ್‌ನವರು ಯಾರಾದರೂ ಹೇಳಿದಾಗ.

ಸರಿ ಅಂತ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋದರೆ, ‘ನಿಮಗೆ ದಿನ ಸಾಲದು’ ಅಂದುಬಿಡುತ್ತಾರೆ. ಯಾವ ದಿನ? ಅಲ್ಲೇ ಇರುವುದು ಎಲ್ಲ ಗೊಂದಲ. ಜ್ವರ ಬಂದಿದ್ದು ಆಗಸ್ಟ್‌ನಲ್ಲಿ, ಅವರು ನೋಡುವುದು ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಹಾಜರಿಯನ್ನು.

ಮೊದಲು, ನೀವು ಇಎಸ್‌ಐ ಒಳಗಿದ್ದೀರಾ?

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಾರ್ಖಾನೆ, ಅಂಗಡಿ, ಹೋಟೆಲ್‌ಗಳಿಗೆ ಇಎಸ್‌ಐ ಅನ್ವಯಿಸುತ್ತದೆ. ನಿಮ್ಮ ತಿಂಗಳ ಸಂಬಳ 21,000 ರೂಪಾಯಿ ದಾಟಿರಬಾರದು. ಅಂಗವಿಕಲರಿಗೆ ಈ ಮಿತಿ 25,000. ನಿಮ್ಮ ಸಂಬಳದಿಂದ ಹಿಡಿಯುವುದು ನೂರಕ್ಕೆ 75 ಪೈಸೆ. ಮಾಲೀಕರು ತಮ್ಮ ಕಡೆಯಿಂದ ನೂರಕ್ಕೆ 3 ರೂಪಾಯಿ 25 ಪೈಸೆ ಹಾಕಬೇಕು. ಅಂದರೆ 14,000 ಸಂಬಳದವರಿಗೆ 105 ರೂಪಾಯಿ ಕಟ್, ಕಂಪನಿಯ ಪಾಲು 455. ಆ 455ನ್ನೂ ನಿಮ್ಮ ಸಂಬಳದಲ್ಲೇ ಹಿಡಿಯುವ ಜಾಣರು ಇದ್ದಾರೆ. ಅದು ಕಾನೂನಿಗೆ ವಿರುದ್ಧ.

ಮಧ್ಯದಲ್ಲಿ ಸಂಬಳ ಜಾಸ್ತಿಯಾಗಿ 21,000 ದಾಟಿತು ಅಂತಿಟ್ಟುಕೊಳ್ಳಿ. ತಕ್ಷಣ ಹೊರಗೆ ಬೀಳುವುದಿಲ್ಲ. ಆ ಆರು ತಿಂಗಳ ಅವಧಿ ಮುಗಿಯುವವರೆಗೆ ಇಎಸ್‌ಐ ಕಟ್ಟುತ್ತಲೇ ಇರಬೇಕು.

78ರ ಲೆಕ್ಕ

ಇದೊಂದನ್ನು ನಿಧಾನವಾಗಿ ಓದಿ. ಇಎಸ್‌ಐನವರು ವರ್ಷವನ್ನು ಎರಡು ಭಾಗ ಮಾಡಿದ್ದಾರೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಇವು ದುಡ್ಡು ಕಟ್ಟುವ ಅವಧಿಗಳು. ಕಟ್ಟಿದ್ದಕ್ಕೆ ಫಲ ಸಿಗುವುದು ಮೂರು ತಿಂಗಳು ಬಿಟ್ಟು. ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ಕಟ್ಟಿದ್ದು ಮುಂದಿನ ಜನವರಿ–ಜೂನ್‌ಗೆ. ಅಕ್ಟೋಬರ್–ಮಾರ್ಚ್‌ನಲ್ಲಿ ಕಟ್ಟಿದ್ದು ಜುಲೈ–ಡಿಸೆಂಬರ್‌ಗೆ.

ಕಟ್ಟುವ ಆರು ತಿಂಗಳಲ್ಲಿ ಕನಿಷ್ಠ 78 ದಿನದ ಸಂಬಳಕ್ಕೆ ಇಎಸ್‌ಐ ಕಟ್ಟಿರಬೇಕು. ತಿಂಗಳಿಗೆ 26 ದಿನದಂತೆ ಮೂರು ತಿಂಗಳ ಕೆಲಸ, ಅಷ್ಟೇ. ಸಂಬಳ ಕೊಟ್ಟ ರಜೆ ದಿನಗಳೂ ಇದರಲ್ಲಿ ಸೇರುತ್ತವೆ. ಸಂಬಳವಿಲ್ಲದ ಗೈರುಹಾಜರಿ ಸೇರುವುದಿಲ್ಲ. ಊರ ಜಾತ್ರೆಗೆ ಹೋಗಿ ಹದಿನೈದು ದಿನ ಉಳಿದಿದ್ದು, ಕೆಲಸ ಬಿಟ್ಟು ಎರಡು ತಿಂಗಳು ಮನೆಯಲ್ಲಿ ಕೂತಿದ್ದು, ಎಲ್ಲ ಆಮೇಲೆ ಇಲ್ಲಿ ಬಂದು ಕಾಡುತ್ತವೆ.

ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ ಸ್ವಲ್ಪ ರಿಯಾಯಿತಿ ಇದೆ. ಅವಧಿಯ ಮಧ್ಯದಲ್ಲಿ ಸೇರಿ, ಆರು ತಿಂಗಳ ಪೂರ್ತಿ 156 ದಿನ ಸಿಗದಿದ್ದರೆ, ಸಿಕ್ಕ ಕೆಲಸದ ದಿನಗಳಲ್ಲಿ ಅರ್ಧದಷ್ಟಕ್ಕೆ ಕಟ್ಟಿದ್ದರೆ ಸಾಕು. ಆದರೆ ರಜೆ ದುಡ್ಡು ಸಿಗಲು ಸೇರಿದ ದಿನದಿಂದ ಒಂಬತ್ತು ತಿಂಗಳು ಕಾಯಬೇಕು. ಮೇ 10ಕ್ಕೆ ಸೇರಿದವರಿಗೆ ಫೆಬ್ರವರಿ 10ರ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಡಾಕ್ಟರು, ಔಷಧಿಗೆ ಮಾತ್ರ ಹೀಗೆ ಕಾಯುವ ಹಾಗಿಲ್ಲ.

ನಿಮ್ಮ ದಿನ ಎಷ್ಟಾಗಿದೆ ಅಂತ ಎಚ್‌ಆರ್‌ನವರನ್ನು ಕೇಳುವ ಬದಲು ನೀವೇ ನೋಡಿಕೊಳ್ಳಿ. ಇಎಸ್‌ಐ ನಿಗಮದ (ಇಎಸ್‌ಐಸಿ) ಪೋರ್ಟಲ್‌ನಲ್ಲಿ ನಿಮ್ಮ ಹತ್ತು ಅಂಕಿಯ ಐಪಿ ನಂಬರ್ (ವಿಮೆದಾರರ ನಂಬರ್) ಹಾಕಿ ಒಳಗೆ ಹೋದರೆ, ಯಾವ ತಿಂಗಳು ಎಷ್ಟು ದಿನಕ್ಕೆ ಕಟ್ಟಿದ್ದಾರೆ ಅನ್ನುವುದು ಕಾಣುತ್ತದೆ. ಚೀಟಿಯಲ್ಲಿ 26 ದಿನ, ಪೋರ್ಟಲ್‌ನಲ್ಲಿ 20 ದಿನ ಅಂತಿದ್ದರೆ ಆ ತಿಂಗಳೇ ಕೇಳಿ. ಇದಕ್ಕೇ ಸಂಬಳದ ಚೀಟಿಗಳನ್ನು ಎಸೆಯಬಾರದು ಅನ್ನುವುದು.

ಹುಷಾರು ತಪ್ಪಿದ ದಿನ

ಮನೆ ಪಕ್ಕದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಮಲಗಿದರೆ ಜ್ವರ ಇಳಿಯಬಹುದು, ಆದರೆ ಆ ಚೀಟಿಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ನಿಮಗೆ ಗೊತ್ತುಮಾಡಿದ ಇಎಸ್‌ಐ ಡಿಸ್ಪೆನ್ಸರಿಗೆ ಮೊದಲ ದಿನವೇ ಹೋಗಿ. ಪೆಹಚಾನ್ ಕಾರ್ಡ್ (ಇಎಸ್‌ಐ ಗುರುತಿನ ಚೀಟಿ), ಆಧಾರ್ ಜೊತೆಗಿರಲಿ. ‘ರಜೆಗೆ ಸರ್ಟಿಫಿಕೇಟ್ ಬೇಕು’ ಅಂತ ಬಾಯಿಬಿಟ್ಟು ಕೇಳಿ. ಔಷಧಿ ಬರೆಸಿಕೊಂಡು ಸುಮ್ನೆ ಬಂದುಬಿಡುವವರೇ ಜಾಸ್ತಿ. ಕಾಯಿಲೆ ಎಳೆದರೆ ಮಧ್ಯೆ ಮತ್ತೆ ಹೋಗಿ ಇನ್ನೊಂದು ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ಗುಣವಾದ ಮೇಲೆ ಕೆಲಸಕ್ಕೆ ಹೋಗಬಹುದು ಅನ್ನುವ ಕೊನೆಯದು. ನಡುವೆ ಒಂದು ತಪ್ಪಿದರೂ ಆ ದಿನಗಳು ಕೈಬಿಟ್ಟವು ಅಂತಲೇ ಲೆಕ್ಕ.

ಆಮೇಲೆ ನಮೂನೆ 9ರಲ್ಲಿ ಅರ್ಜಿ. ಬ್ರಾಂಚ್ ಆಫೀಸಿನಲ್ಲಿ ಕೊಡಬಹುದು, ಪೋರ್ಟಲ್‌ನಲ್ಲೂ ಹಾಕಬಹುದು. ಬ್ಯಾಂಕ್ ಖಾತೆಯ ಹೆಸರು, ಆಧಾರ್ ಹೆಸರು, ಇಎಸ್‌ಐ ಹೆಸರು ಮೂರೂ ಒಂದೇ ಇದೆಯೇ ನೋಡಿ. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮಿ’ ಅಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ.

ಒಂದು ಮಾತು ನೆನಪಿರಲಿ. ಅದೇ ದಿನಗಳಿಗೆ ಕಂಪನಿಯಿಂದ ಸಂಬಳದ ರಜೆ ಹಾಕಿಸಿಕೊಂಡರೆ ಇಎಸ್‌ಐ ದುಡ್ಡು ಇಲ್ಲ. ನೀವು ನಿಜವಾಗಿ ಕೆಲಸಕ್ಕೆ ಬಂದಿರಲಿಲ್ಲವೇ ಅಂತ ಆಫೀಸಿನವರು ಕಂಪನಿಯನ್ನು ಕೇಳಿಯೇ ಕೇಳಬಹುದು. ಒಂದು ಮೂರು ದಿನದ ಜ್ವರಕ್ಕೆ ಕಂಪನಿ ರಜೆಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ಇಎಸ್‌ಐನಲ್ಲಿ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಡೆಂಗಿ ಬಂದು ಹತ್ತು ದಿನ ಮಲಗಿದರೆ ಮಾತು ಬೇರೆ.

ಎಷ್ಟು ಬರುತ್ತದೆ?

ದಿನದ ಸರಾಸರಿ ಸಂಬಳದ ನೂರಕ್ಕೆ 70. ಆರು ತಿಂಗಳಿಗೆ 84,000 ಸಂಬಳ, 156 ದಿನದ ಕೆಲಸ ಅಂದುಕೊಳ್ಳಿ. ದಿನಕ್ಕೆ 538 ಆಯಿತು, ಅದರ 70 ಭಾಗ ಸುಮಾರು 377. ಹತ್ತು ದಿನದ ಕಾಯಿಲೆಗೆ ಎರಡು ದಿನ ಕಳೆದು ಎಂಟು ದಿನ, ಹತ್ತಿರ ಹತ್ತಿರ 3,000 ರೂಪಾಯಿ. ಭಾನುವಾರವೂ ಲೆಕ್ಕಕ್ಕೆ ಸೇರುತ್ತದೆ. ಹದಿನೈದು ದಿನದೊಳಗೆ ಮತ್ತೆ ಬಿದ್ದರೆ ಆ ಎರಡು ದಿನ ಇನ್ನೊಮ್ಮೆ ಕಳೆಯುವುದಿಲ್ಲ. ಒಂದರ ಹಿಂದೆ ಒಂದು ಬರುವ, ಫಲ ಸಿಗುವ ಎರಡು ಅವಧಿ ಸೇರಿಸಿ ಹೆಚ್ಚೆಂದರೆ 91 ದಿನ.

ಕ್ಷಯ, ಕ್ಯಾನ್ಸರ್‌ನಂಥ 34 ದೊಡ್ಡ ಕಾಯಿಲೆಗಳಿಗೆ ಇದು ಸಾಲದಲ್ವಾ? ಅದಕ್ಕೆ ನೂರಕ್ಕೆ 80ರಂತೆ ಎರಡು ವರ್ಷದವರೆಗೂ ಕೊಡುತ್ತಾರೆ. ಆದರೆ ಎರಡು ವರ್ಷ ಬಿಡದೆ ಇಎಸ್‌ಐ ಕೆಲಸದಲ್ಲಿದ್ದು, ದುಡ್ಡು ಕಟ್ಟುವ ಹಿಂದಿನ ನಾಲ್ಕು ಅವಧಿಗಳನ್ನು ಸೇರಿಸಿ 156 ದಿನಕ್ಕೆ ಕಟ್ಟಿರಬೇಕು.

ಹೆರಿಗೆಗೆ 70 ದಿನ ಸಾಕು

ಇಲ್ಲಿ ನಿಯಮ ಸಡಿಲ. ದುಡ್ಡು ಕಟ್ಟುವ ಹಿಂದಿನ ಎರಡು ಅವಧಿಗಳನ್ನು ಸೇರಿಸಿ 70 ದಿನಕ್ಕೆ ಕಟ್ಟಿದ್ದರೆ ಆಯಿತು. 26 ವಾರ ಪೂರ್ತಿ ಸಂಬಳ, ನೂರಕ್ಕೆ ನೂರು. ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ಗರ್ಭಪಾತವಾದರೆ ಆರು ವಾರ. ಬಸುರಿನಿಂದಲೇ ಆರೋಗ್ಯ ಕೆಟ್ಟರೆ ಇನ್ನೂ ಒಂದು ತಿಂಗಳು. ಮೂರು ತಿಂಗಳೊಳಗಿನ ಮಗುವನ್ನು ದತ್ತು ತೆಗೆದುಕೊಂಡವರಿಗೂ 12 ವಾರ ಇದೆ. ಹೆರಿಗೆ ತವರಿನಲ್ಲಿ ಆಗುವುದಾದರೆ, ಊರಿಗೆ ಹೊರಡುವ ಮುಂಚೆ ಬಸುರಿನ ಸರ್ಟಿಫಿಕೇಟ್ ಕೆಲಸ ಮುಗಿಸಿಕೊಂಡು ಹೋಗಿ. ಬಾಣಂತಿಯನ್ನು ಕೂರಿಸಿಕೊಂಡು ಆಫೀಸಿಗೆ ಅಲೆಯುವುದು ಯಾರಿಗೂ ಬೇಡ.

21,000 ದಾಟಿದವರಿಗೆ ಇಎಸ್‌ಐ ಇಲ್ಲ. ಅವರಿಗೆ ಕಂಪನಿಯೇ ಹೆರಿಗೆ ರಜೆಯ ಸಂಬಳ ಕೊಡಬೇಕು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು ಅಷ್ಟೇ.

ಅತ್ತೆಯನ್ನು ನೋಡಿಕೊಳ್ಳಲು ರಜೆ ಹಾಕಿದರೆ?

ಬರುವುದಿಲ್ಲ. ಮನೆಯವರ ಚಿಕಿತ್ಸೆಗೆ ಇಎಸ್‌ಐ ಇದೆ. ಅವರನ್ನು ನೋಡಿಕೊಳ್ಳಲು ಕೂತ ನಿಮ್ಮ ದಿನಗಳಿಗೆ ದುಡ್ಡಿಲ್ಲ. ಮಗು ಹುಟ್ಟಿತು ಅಂತ ಅಪ್ಪನಿಗೂ ಇಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇಂಥದ್ದಕ್ಕೂ ವಿಮೆಯಿಂದ ಸಂಬಳ ಸಿಗುತ್ತದೆ. ನಮ್ಮಲ್ಲಿ ಮಗುವಿಗೆ ಜ್ವರ ಬಂದರೆ ಇವತ್ತಿಗೂ ಅಮ್ಮನ ಸಂಬಳವೇ ಕಟ್. ಇದು ಈ ಯೋಜನೆಯ ದೊಡ್ಡ ಕೊರತೆ ಅಂತ ನನಗೆ ಅನಿಸುತ್ತದೆ.

ತಕರಾರು ಬಂದರೆ

ಕಂಪನಿ ನಿಮ್ಮ ಸಂಬಳದಲ್ಲಿ ಹಿಡಿದು ಇಎಸ್‌ಐಗೆ ಕಟ್ಟದೇ ಇದ್ದರೆ ಅದು ಅವರ ತಪ್ಪು. ನಿಮಗೆ ಸಿಗಬೇಕಾದ್ದನ್ನು ಕೊಟ್ಟು ಕಂಪನಿಯಿಂದ ವಸೂಲಿ ಮಾಡುವ ಅಧಿಕಾರ ನಿಗಮಕ್ಕಿದೆ. ಹಿಡಿದದ್ದಕ್ಕೆ ಸಾಕ್ಷಿ ನಿಮ್ಮ ಚೀಟಿ. ಕಾಯಿಲೆ ಅಥವಾ ಹೆರಿಗೆಯ ದುಡ್ಡು ಪಡೆಯುತ್ತಿರುವಾಗ ಕೆಲಸದಿಂದ ತೆಗೆಯುವ ಹಾಗೂ ಇಲ್ಲ. ಬ್ರಾಂಚ್ ಆಫೀಸಿನಲ್ಲಿ ಕೆಲಸ ಆಗದಿದ್ದರೆ 1800-11-2526ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ. ಬೆಂಗಳೂರಿನವರು ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿಗೇ ಹೋಗಿ ಅರ್ಜಿ ಕೊಡಬಹುದು. ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ಇಸಿದುಕೊಂಡೇ ಬನ್ನಿ. ದುಡ್ಡು ಕೇಳಲು 12 ತಿಂಗಳವರೆಗೆ ಸಮಯವಿದೆ. ಹೋದ ವರ್ಷದ ಹೆರಿಗೆಯ ಕಾಗದ ಬೀರುವಿನಲ್ಲಿ ಹಾಗೇ ಇದ್ದರೆ, ತಾರೀಖು ನೋಡಿ ಈ ವಾರವೇ ಹೊರಡಿ.